ಉಗುರಿನ ಬುಡದ ಆ ತೆಳು ಪೊರೆ

ಪಾರ್ಲರಿನಲ್ಲಿ ಮ್ಯಾನಿಕ್ಯೂರ್ ಮಾಡಿಸಿಕೊಂಡವರಿಗೆಲ್ಲ ಗೊತ್ತಿರುವ ಒಂದು ಘಟ್ಟವಿದೆ. ಬೆಚ್ಚಗಿನ ಸೋಪುನೀರಿನಲ್ಲಿ ಬೆರಳು ಚೆನ್ನಾಗಿ ನೆನೆದ ಮೇಲೆ, ಚಪ್ಪಟೆ ತುದಿಯ ಸಣ್ಣ ಕಡ್ಡಿಯಿಂದ ಉಗುರಿನ ಬುಡದ ಚರ್ಮವನ್ನು ಹಿಂದಕ್ಕೆ ಒತ್ತುತ್ತಾರೆ. ಆಮೇಲೆ ಚೂಪು ಬಾಯಿಯ ನಿಪ್ಪರ್ ಹಿಡಿದು ಅಲ್ಲಿನ ತೆಳು ಪೊರೆಯನ್ನು ಸುತ್ತಲೂ ಕತ್ತರಿಸಿ ತೆಗೆಯುತ್ತಾರೆ. ಉಗುರು ಉದ್ದವಾಗಿ ಕಾಣುತ್ತದೆ, ನೇಲ್ ಪಾಲಿಶ್ ಬುಡದವರೆಗೂ ನೀಟಾಗಿ ಕೂರುತ್ತದೆ. ಹಾಗೆ ಕತ್ತರಿಸಿ ಬಿಸಾಡಿದ ಪೊರೆಯೇ ಕ್ಯೂಟಿಕಲ್. ಕತ್ತರಿ ತಾಗಲೇಬಾರದ ಜಾಗ ಯಾವುದೆಂದು ಚರ್ಮವೈದ್ಯರನ್ನು ಕೇಳಿದರೆ ಅವರು ಮೊದಲು ತೋರಿಸುವುದು ಇದನ್ನೇ.

ಯಾಕೆಂದು ತಿಳಿಯಬೇಕಾದರೆ ಉಗುರು ಹೇಗೆ ಬೆಳೆಯುತ್ತದೆ ಎಂಬುದನ್ನು ನೋಡಬೇಕು. ನಾವು ಬಣ್ಣ ಹಚ್ಚುವ ಗಟ್ಟಿ ಫಲಕದಲ್ಲಿ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನ್ ತುಂಬಿಕೊಂಡು ಸತ್ತು ಒತ್ತೊತ್ತಾಗಿ ಕೂತ ಜೀವಕೋಶಗಳ ಪದರ. ಅದರಲ್ಲಿ ರಕ್ತನಾಳವಿಲ್ಲ, ನರವಿಲ್ಲ. ಉಗುರು ಕೆಂಪುಗುಲಾಬಿಯಾಗಿ ಕಾಣುವುದು ಅದರಡಿಯ ಹಾಸಿನಲ್ಲಿ ಹರಿಯುವ ರಕ್ತದಿಂದ. ಫಲಕ ಹುಟ್ಟುವ ಜಾಗ ಬೇರೆ. ಉಗುರಿನ ಬುಡದಲ್ಲಿ, ಚರ್ಮದ ಮಡಿಕೆಯ ಕೆಳಗೆ ಅಡಗಿರುವ ಮ್ಯಾಟ್ರಿಕ್ಸ್ ಅದು. ಹೆಬ್ಬೆರಳಿನ ಬುಡದಲ್ಲಿ ಕಾಣುವ ಬಿಳಿ ಅರ್ಧಚಂದ್ರ ಈ ಮ್ಯಾಟ್ರಿಕ್ಸ್‌ನ ಹೊರಗಿಣುಕುವ ಭಾಗ. ಹೊಸ ಜೀವಕೋಶಗಳು ಹಿಂದಿನಿಂದ ತಳ್ಳಿದಂತೆಲ್ಲ ಉಗುರು ಮುಂದೆ ಸರಿಯುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್, ಕಾಲುಗುರು ಅದರ ಅರ್ಧದಷ್ಟು ಬೆಳೆಯುತ್ತದೆ. ಕೈಯ ಉಗುರೊಂದು ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು, ಕಾಲಿನ ಹೆಬ್ಬೆರಳಿಗೆ 12ರಿಂದ 18 ತಿಂಗಳು. ಮ್ಯಾಟ್ರಿಕ್ಸ್‌ಗೆ ಏಟು ಬಿದ್ದರೆ ಅಲ್ಲಿಂದ ಹೊರಡುವ ಉಗುರಿನ ಮೇಲೆ ಗುರುತು ಉಳಿಯುತ್ತದೆ. ಏಟು ಬಲವಾಗಿದ್ದರೆ ಆ ಗುರುತು ಜೀವನಪೂರ್ತಿ ಇರುತ್ತದೆ.

ಸತ್ತ ಫಲಕವೂ ಬದುಕಿರುವ ಚರ್ಮವೂ ಕೂಡುವ ಕಡೆಯಲ್ಲೆಲ್ಲ ಒಂದು ಸಂದಿ ಇರುತ್ತದೆ: ಬುಡದಲ್ಲಿ, ಎರಡೂ ಪಕ್ಕದಲ್ಲಿ, ತುದಿಯ ಅಡಿಯಲ್ಲಿ. ಬುಡದ ಸಂದಿಯನ್ನು ಮುಚ್ಚುವುದು ಕ್ಯೂಟಿಕಲ್. ಬಚ್ಚಲಿನ ಟೈಲ್ಸ್ ನಡುವೆ ತುಂಬಿದ ಬಿಳಿ ಸಿಮೆಂಟು ಉದುರಿದರೆ ನೀರು ಗೋಡೆಯೊಳಕ್ಕೆ ಇಳಿಯುವ ಹಾಗೆ, ಈ ಪೊರೆ ಹೋದರೆ ನೀರು, ಸೋಪು, ಬ್ಯಾಕ್ಟೀರಿಯಾ, ಫಂಗಸ್ ಎಲ್ಲವೂ ನೇರ ಮ್ಯಾಟ್ರಿಕ್ಸ್ ಇರುವ ಕಡೆಗೇ ಇಳಿಯುತ್ತವೆ. ಉಗುರಿನ ಸೋಂಕುಗಳಲ್ಲಿ ಹೆಚ್ಚಿನವು ಈ ಸಂದಿಗಳಿಂದಲೇ ಒಳನುಗ್ಗುತ್ತವೆ.

ಅದರಲ್ಲಿ ನಮಗೆಲ್ಲ ಪರಿಚಿತವಾದದ್ದು ಉಗುರುಸುತ್ತು. ಹಲ್ಲಿನಿಂದ ಕಚ್ಚಿ ಎಳೆದ ಚರ್ಮದ ಸಿಗುರು ಇರಬಹುದು, ನಿಪ್ಪರ್ ಆಳಕ್ಕೆ ಹೋದದ್ದಿರಬಹುದು, ಒಂದೆರಡು ದಿನದಲ್ಲಿ ಅಂಚು ಕೆಂಪಾಗಿ ಬಾತು, ರಾತ್ರಿಯೆಲ್ಲ ಸಿಡಿಯುತ್ತದೆ. ಹೆಚ್ಚಿನ ಸಲ ಇದಕ್ಕೆ ಕಾರಣ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸುವುದು ನಮ್ಮ ಮನೆಮನೆಯ ಮದ್ದು. ತಂಪಿನಿಂದ ಒಂದು ಗಳಿಗೆ ಹಿತವೆನಿಸಬಹುದು, ಒಳಗೆ ಕಟ್ಟಿದ ಕೀವಿಗೆ ಮಾತ್ರ ಅದರಿಂದ ದಾರಿಯಾಗುವುದಿಲ್ಲ, ಒಡೆದ ಚರ್ಮಕ್ಕೆ ಹುಳಿ ಉರಿ ಬೇರೆ. ಶುರುವಿನಲ್ಲೇ ದಿನಕ್ಕೆ ಮೂರು ನಾಲ್ಕು ಸಲ, ಹತ್ತು ಹದಿನೈದು ನಿಮಿಷ, ಉಗುರುಬೆಚ್ಚಗಿನ ನೀರಿನಲ್ಲಿ ಬೆರಳು ಅದ್ದಿಟ್ಟರೆ ಎಷ್ಟೋ ಸಲ ಇಳಿದುಹೋಗುತ್ತದೆ. ಹಳದಿ ಕೀವು ಕಂಡರೆ ವೈದ್ಯರ ಬಳಿ ಹೋಗಿ ಬಿಡಿಸಿಕೊಳ್ಳಬೇಕು, ಮನೆಯ ಸೂಜಿಯಿಂದ ಚುಚ್ಚಬಾರದು. ಕೆಂಪು ಗೆರೆ ಕೈಮೇಲೆ ಏರತೊಡಗಿದರೆ, ಜ್ವರ ಬಂದರೆ, ಅದೇ ದಿನ ಹೋಗಬೇಕು.

ಇದಕ್ಕಿಂತ ಮೊಂಡಾದದ್ದು ತಿಂಗಳುಗಟ್ಟಲೆ ಬಿಡದ ಉಗುರುಸುತ್ತು. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಮೀನು ಹೆಚ್ಚುವವರು, ದಿನಕ್ಕೆ ನಾಲ್ಕು ಮನೆಯ ಬಟ್ಟೆ ಪಾತ್ರೆ ಮಾಡುವ ಹೆಂಗಸರು, ಇವರ ಬೆರಳು ನೋಡಿ. ಕ್ಯೂಟಿಕಲ್ ಪೂರ್ತಿ ಮಾಯವಾಗಿರುತ್ತದೆ, ಅಂಚು ದುಂಡಗೆ ಬಾತಿರುತ್ತದೆ, ಉಗುರಿನ ಮೇಲೆ ಅಡ್ಡಡ್ಡ ಏರುತಗ್ಗು ಎದ್ದಿರುತ್ತದೆ. ಇದನ್ನು ಹಿಂದೆ ಬರೀ ಫಂಗಸ್ ಎಂದು ತಿಳಿದಿದ್ದರು. ಮೂಲ ಕಾರಣ ನೀರು, ಸೋಪು, ಹುಳಿಖಾರದ ನಿರಂತರ ಉರಿ, ಫಂಗಸ್ ಬಂದು ಸೇರಿಕೊಳ್ಳುವುದು ಆಮೇಲೆ ಎಂದು ಈಗ ಗೊತ್ತಾಗಿದೆ. ಹಾಗಾಗಿ ಬರೀ ಫಂಗಸ್ ಮುಲಾಮು ಹಚ್ಚಿಕೊಂಡು ಮತ್ತೆ ಅದೇ ನೀರಿನಲ್ಲಿ ಕೈ ಹಾಕಿದರೆ ವಾಸಿಯಾಗುವುದಿಲ್ಲ. ಒಳಗೆ ತೆಳು ಹತ್ತಿಯ ಗ್ಲೌಸ್, ಮೇಲೆ ರಬ್ಬರಿನದು, ಕೆಲಸ ಮುಗಿದ ಮೇಲೆ ಕೈ ಒರೆಸಿ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ. ಮನೆಗೆಲಸದವರಿಗೆ ಒಂದು ಜೊತೆ ಗ್ಲೌಸ್ ತೆಗೆದುಕೊಡುವುದು ಮನೆಯವರ ಜವಾಬ್ದಾರಿ ಎಂದೇ ನಾನು ನಂಬಿದ್ದೇನೆ.

ಪೆಡಿಕ್ಯೂರ್ ವಿಷಯಕ್ಕೆ ಬಂದರೆ, ಅಮೆರಿಕದ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಊರಿನಲ್ಲಿ 2000ದಲ್ಲಿ ನಡೆದದ್ದನ್ನು ಪ್ರತಿ ಪಾರ್ಲರಿನವರೂ ತಿಳಿದಿರಬೇಕು. ಒಂದೇ ನೇಲ್ ಸಲೂನಿಗೆ ಹೋಗಿಬಂದ ನೂರಕ್ಕೂ ಹೆಚ್ಚು ಮಂದಿಗೆ ಮೊಣಕಾಲಿನ ಕೆಳಗೆ ಕುರುಗಳೆದ್ದವು. ತಿಂಗಳುಗಟ್ಟಲೆ ಮಾಯದೆ ಕಲೆ ಉಳಿಸಿಹೋದ ಕುರುಗಳು ಅವು. ತನಿಖೆಗೆ ಬಂದವರು ಕಾಲು ನೆನೆಸುವ, ನೀರು ಸುತ್ತಿಸುವ ಟಬ್ಬುಗಳ ಜಾಲರಿ ಬಿಚ್ಚಿ ನೋಡಿದರು. ಹಿಂದೆ ಕೂದಲು, ಚರ್ಮದ ಪುಡಿ ಗಂಟುಗಂಟಾಗಿ ಕೂತಿತ್ತು, ಅದರಲ್ಲಿ ಮೈಕೊಬ್ಯಾಕ್ಟೀರಿಯಂ ಫೋರ್ಚುಯಿಟಂ ಎಂಬ ಬ್ಯಾಕ್ಟೀರಿಯಾ ನೆಲೆಸಿತ್ತು. ಟಬ್ಬು ಹೊರಗಿನಿಂದ ಸ್ವಚ್ಛವಾಗಿಯೇ ಕಾಣುತ್ತಿತ್ತು. ಇನ್ನೊಂದು ಸಂಗತಿ: ಪೆಡಿಕ್ಯೂರಿಗೆ ಹೋಗುವ ಮುಂಚೆ ರೇಜರಿನಿಂದ ಕಾಲಿನ ಕೂದಲು ತೆಗೆದುಕೊಂಡವರಿಗೇ ಸೋಂಕು ಹೆಚ್ಚಾಗಿ ತಗುಲಿತ್ತು. ರೇಜರಿನ ಕಣ್ಣಿಗೆ ಕಾಣದ ಗೀರುಗಳೇ ಬಾಗಿಲು ತೆರೆದಿದ್ದವು. ಆದ್ದರಿಂದ ಶೇವಿಂಗ್, ವ್ಯಾಕ್ಸಿಂಗ್ ಮಾಡಿಸಿದ ದಿನ ಅಥವಾ ಮಾರನೆಯ ದಿನ ಪೆಡಿಕ್ಯೂರ್ ಬೇಡ. ಮೋಟಾರಿನ ಟಬ್ಬಿಗಿಂತ ಸಾದಾ ಬೇಸಿನ್ ಒಳ್ಳೆಯದು, ತಿಕ್ಕಿ ತೊಳೆಯಲು ಬರುತ್ತದೆ. ಮಾಲ್‌ಗಳಲ್ಲಿ ಮೀನಿನ ತೊಟ್ಟಿಗೆ ಕಾಲಿಳಿಬಿಡುವ ಫಿಶ್ ಸ್ಪಾ ಬಗ್ಗೆ ಹೇಳಬೇಕಾದದ್ದು ಇಷ್ಟೇ: ಒಬ್ಬರಾದ ಮೇಲೆ ಒಬ್ಬರು ಬರುವ ನಡುವೆ ಮೀನನ್ನು ಸೋಂಕುಮುಕ್ತ ಮಾಡುವ ವಿಧಾನವಿಲ್ಲ.

ಉಪಕರಣಗಳ ಸ್ವಚ್ಛತೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ, ಅವುಗಳನ್ನು ಒಂದೇ ಎಂದು ತಿಳಿಯುವುದೇ ಅಪಾಯ. ಮೊದಲು ಸೋಪು, ಬ್ರಷ್ ಹಾಕಿ ತಿಕ್ಕಿ ಕೊಳೆ ತೆಗೆಯಬೇಕು. ಕೊಳೆ ಇರುವಾಗ ಯಾವ ರಾಸಾಯನಿಕವೂ ಲೋಹಕ್ಕೆ ಮುಟ್ಟುವುದಿಲ್ಲ. ಆಮೇಲೆ ಕ್ರಿಮಿ ಕೊಲ್ಲುವ ಕೆಲಸ. ಇದಕ್ಕೆ ನಂಬಬಹುದಾದದ್ದು ಆಸ್ಪತ್ರೆಗಳಲ್ಲಿರುವಂಥ ಆಟೋಕ್ಲೇವ್, ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್, ಕನಿಷ್ಠ 15 ನಿಮಿಷ. ಪಾರ್ಲರಿನ ಮೂಲೆಯಲ್ಲಿ ನೀಲಿ ಬೆಳಕು ಬಿಡುವ ಯುವಿ ಪೆಟ್ಟಿಗೆ ಆ ಕೆಲಸ ಮಾಡುವುದಿಲ್ಲ. ನಿಪ್ಪರಿನ ಕೀಲಿನ ಒಳಗೆ ಬೆಳಕು ತಲುಪುವುದೇ ಇಲ್ಲ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿ ಏಳು ದಿನವಾದರೂ ಬದುಕಿರಬಲ್ಲದು, ಆ ಕಲೆ ಕಣ್ಣಿಗೆ ಕಾಣಬೇಕೆಂದೂ ಇಲ್ಲ. ಮರದ ಕಡ್ಡಿ, ಮರಳುಕಾಗದದ ಫೈಲ್, ಹಿಮ್ಮಡಿ ಉಜ್ಜುವ ಪ್ಯೂಮಿಸ್ ಕಲ್ಲು, ಇವುಗಳನ್ನು ಯಾವ ವಿಧಾನದಿಂದಲೂ ಮತ್ತೊಬ್ಬರಿಗೆ ಬಳಸುವಷ್ಟು ಶುದ್ಧ ಮಾಡಲಾಗದು. ಕೆಲವು ನೂರು ರೂಪಾಯಿಯಲ್ಲಿ ನಿಮ್ಮದೇ ಒಂದು ಸೆಟ್ ಕೊಂಡು ಜೊತೆಗೊಯ್ಯಿರಿ. ನಿಪ್ಪರ್ ಕೈಗೆತ್ತಿಕೊಂಡಾಗ "ಕ್ಯೂಟಿಕಲ್ ಕಟ್ ಮಾಡಬೇಡಿ, ಮೆಲ್ಲಗೆ ಒತ್ತಿ ಬಿಡಿ ಸಾಕು" ಎನ್ನಿ. ಹಿಮ್ಮಡಿ ಹೆರೆಯುವ ಬ್ಲೇಡನ್ನೂ ಬೇಡವೆನ್ನಿ.

ಉಗುರು ನೋಡಿ ರೋಗ ಊಹಿಸುವುದು ನಮ್ಮಲ್ಲಿ ಹಳೆಯ ರೂಢಿ, ಅದರಲ್ಲಿ ನಿಜವೂ ಇದೆ, ಸುಳ್ಳೂ ಇದೆ. ಮಕ್ಕಳ ಉಗುರಿನ ಬಿಳಿ ಚುಕ್ಕೆ ಕ್ಯಾಲ್ಸಿಯಂ ಕೊರತೆಯಿಂದಲ್ಲ, ಮ್ಯಾಟ್ರಿಕ್ಸ್‌ಗೆ ತಾಗಿದ ಸಣ್ಣಪುಟ್ಟ ಪೆಟ್ಟಿನಿಂದ. ಅದಕ್ಕೆ ಮಾತ್ರೆ ಬೇಡ. ಆದರೆ ಉಗುರಿನ ನಡು ತಗ್ಗಾಗಿ ಅಂಚು ಮೇಲೆದ್ದು, ಒಂದು ಹನಿ ನೀರು ಬಿಟ್ಟರೆ ನಿಲ್ಲುವ ಹಾಗಿದ್ದರೆ ಕಬ್ಬಿಣದ ಕೊರತೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಬೇಕು. ಸೂಜಿಮೊನೆಯಷ್ಟು ಗುಳಿಗಳು ತುಂಬಿದ್ದರೆ ಸೋರಿಯಾಸಿಸ್ ಸೂಚನೆಯಾಗಬಹುದು. ಎಲ್ಲಾ ಉಗುರಿನಲ್ಲೂ ಒಂದೇ ಮಟ್ಟದಲ್ಲಿ ಅಡ್ಡ ತಗ್ಗು ಕಂಡರೆ ಅದು ಬೋ ಗೆರೆ. ಫ್ರಾನ್ಸಿನ ವೈದ್ಯ ಜೋಸೆಫ್ ಬೋ 1846ರಲ್ಲಿ ವಿವರಿಸಿದ್ದು. ಡೆಂಗಿಯಂಥ ತೀವ್ರ ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಕಿಮೊಥೆರಪಿಯ ದಿನಗಳಲ್ಲಿ ಮ್ಯಾಟ್ರಿಕ್ಸ್ ಕೆಲಸ ನಿಧಾನಿಸಿದ್ದರ ಗುರುತು. ಸ್ಕೇಲ್ ಹಿಡಿದು ಬುಡದಿಂದ ಅಳೆಯಿರಿ: ತಗ್ಗು 6 ಮಿಲಿಮೀಟರ್ ದೂರದಲ್ಲಿದ್ದರೆ ಕಾಯಿಲೆ ಬಂದದ್ದು ಸುಮಾರು ಎರಡು ತಿಂಗಳ ಹಿಂದೆ. ಕೈ, ಕಾಲು, ಬಾಯಿಯಲ್ಲಿ ಗುಳ್ಳೆಯೇಳುವ ವೈರಲ್ ಜ್ವರ ಬಂದುಹೋದ ಕೆಲವು ವಾರದ ಮೇಲೆ ಮಕ್ಕಳ ಉಗುರು ಬುಡದಿಂದ ಬಿಟ್ಟುಕೊಂಡು ಉದುರುವುದೂ ಇದೆ. ತಂದೆತಾಯಿ ಗಾಬರಿಯಾಗುತ್ತಾರೆ. ಹೊಸ ಉಗುರು ತಾನಾಗಿ ಬರುತ್ತದೆ.

ಕಾಲಿನ ಉಗುರು ದಪ್ಪಗಾಗಿ, ಹಳದಿಯಾಗಿ, ಅಡಿಯಲ್ಲಿ ಪುಡಿ ಕೂತರೆ ಎಲ್ಲರೂ ಫಂಗಸ್ ಎಂದೇ ಹೇಳಿಬಿಡುತ್ತಾರೆ. ಸೋರಿಯಾಸಿಸ್, ಬಿಗಿಯಾದ ಶೂ, ಹಳೆಯ ಪೆಟ್ಟು ಇವೂ ಹಾಗೇ ಕಾಣುತ್ತವೆ. ಉಗುರಿನ ತುಣುಕನ್ನು ಲ್ಯಾಬಿನಲ್ಲಿ ಪರೀಕ್ಷಿಸಿಯೇ ಮಾತ್ರೆ ಶುರುಮಾಡಬೇಕು. ಯಾಕೆಂದರೆ ಟರ್ಬಿನಾಫಿನ್ ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ ನುಂಗಬೇಕಾದ ಔಷಧಿ, ಲಿವರ್ ಮೇಲೂ ಕಣ್ಣಿಡಬೇಕಾಗುತ್ತದೆ. ಮಾತ್ರೆ ಮುಗಿದ ಕೂಡಲೆ ಉಗುರು ಚೆಂದವಾಗುವುದಿಲ್ಲ, ಕೆಟ್ಟ ಭಾಗ ಬೆಳೆದು ಕತ್ತರಿಸಿಹೋಗಲು ವರ್ಷ ಬೇಕು. ಇಷ್ಟರಲ್ಲಿ ಪಾರ್ಲರಿನವರು ಮೇಲೆ ಕೃತಕ ಉಗುರು ಅಂಟಿಸಿ ಮುಚ್ಚಿಕೊಡುತ್ತೇವೆಂದರೆ ಒಪ್ಪಬೇಡಿ, ಮುಚ್ಚಿದ ತೇವದಲ್ಲಿ ಅದು ಇನ್ನೂ ಹಬ್ಬುತ್ತದೆ.

ಕಪ್ಪು ಗೆರೆಯ ಮಾತು ಬೇರೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಹಲವು ಉಗುರುಗಳ ಮೇಲೆ ಉದ್ದುದ್ದ ಕಂದುಗೆರೆಗಳು ಸಾಮಾನ್ಯ, ಹೆದರಬೇಕಿಲ್ಲ. ಒಂದೇ ಉಗುರಿನಲ್ಲಿ ಹೊಸದಾಗಿ ಕಾಣಿಸಿಕೊಂಡು, ಅಗಲವಾಗುತ್ತಾ, ಬುಡದ ಚರ್ಮಕ್ಕೂ ಕಪ್ಪು ಹರಡಿದರೆ ಕೂಡಲೆ ಚರ್ಮವೈದ್ಯರಿಗೆ ತೋರಿಸಬೇಕು. ಅದು ಮೆಲನೋಮ ಎಂಬ ಕ್ಯಾನ್ಸರ್ ಇರಬಹುದು. ಗಾಯಕ ಬಾಬ್ ಮಾರ್ಲಿಯ ಕಾಲಿನ ಹೆಬ್ಬೆರಳಿನ ಉಗುರಿನಡಿ 1977ರಲ್ಲಿ ಪತ್ತೆಯಾದದ್ದು ಅದೇ. 1981ರಲ್ಲಿ, ಮೂವತ್ತಾರನೆಯ ವಯಸ್ಸಿಗೆ ಅವರು ತೀರಿಕೊಂಡರು. ಸದಾ ಗಾಢ ಬಣ್ಣ ಹಚ್ಚುವವರು ಆಗಾಗ ಒಂದೆರಡು ದಿನವಾದರೂ ಉಗುರು ಬರಿದಾಗಿ ಬಿಟ್ಟು ನೋಡಿಕೊಳ್ಳಬೇಕೆನ್ನುವುದು ಇದಕ್ಕೇ.

ಕಾಲುಗುರನ್ನು ನೇರವಾಗಿ ಕತ್ತರಿಸಬೇಕು. ಮೂಲೆ ಒಳಗೆ ತೋಡಿದರೆ ಬೆಳೆಯುವ ಉಗುರು ಮಾಂಸಕ್ಕೆ ಚುಚ್ಚಿಕೊಂಡು ಕೀವಾಗುತ್ತದೆ. ಸಕ್ಕರೆ ಕಾಯಿಲೆಯವರು ಇಲ್ಲಿ ಇನ್ನೂ ಎಚ್ಚರವಾಗಿರಬೇಕು. ನರ ಮಂದವಾದ ಪಾದಕ್ಕೆ ಬಿಸಿನೀರು ಸುಟ್ಟದ್ದೂ ಗೊತ್ತಾಗುವುದಿಲ್ಲ, ನಿಪ್ಪರ್ ತಾಗಿದ್ದೂ ಗೊತ್ತಾಗುವುದಿಲ್ಲ. ಸಣ್ಣ ಗಾಯ ಬೆರಳು ತೆಗೆಯುವವರೆಗೆ ಹೋದ ಉದಾಹರಣೆಗಳು ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಇವೆ. ಅವರು ಪಾರ್ಲರ್ ಪೆಡಿಕ್ಯೂರ್ ಬಿಟ್ಟು, ಮಧುಮೇಹ ಕ್ಲಿನಿಕ್ಕಿನ ಪಾದ ತಜ್ಞರಿಂದಲೇ ಉಗುರು ತೆಗೆಸಿಕೊಳ್ಳುವುದು ವಾಸಿ.

ಉಗುರು ಗಟ್ಟಿಯಾಗಲೆಂದು ಬಯೋಟಿನ್ ಮಾತ್ರೆ ನುಂಗುವವರು ಒಂದು ಮಾತು ನೆನಪಿಡಿ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೂ, ಹೃದಯಾಘಾತ ಗುರುತಿಸುವ ಟ್ರೋಪೊನಿನ್ ಪರೀಕ್ಷೆಯನ್ನೂ ತಪ್ಪಾಗಿ ತೋರಿಸಬಲ್ಲದು. ರಕ್ತ ಕೊಡುವ ಮುಂಚೆ ವೈದ್ಯರಿಗೆ ಹೇಳಿ.

ಈಗ ಎಲ್ಲೆಲ್ಲೂ ಹಬ್ಬಿರುವ ಜೆಲ್ ಪಾಲಿಶ್ ಅಕ್ರಿಲೇಟ್ ಎಂಬ ರಾಸಾಯನಿಕದಿಂದ ಆದದ್ದು, ದೀಪದ ಕೆಳಗೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ತೊಂದರೆ ಕಡಿಮೆ, ಹಸಿಯಾಗಿದ್ದಾಗ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಿಸಬಲ್ಲದು, ಒಮ್ಮೆ ಹುಟ್ಟಿದರೆ ಜೀವನಪೂರ್ತಿ ಉಳಿಯುತ್ತದೆ. ಮುಂದೆ ಹಲ್ಲು ತುಂಬಿಸುವ ವಸ್ತು, ಮೂಳೆಯ ಸಿಮೆಂಟು, ಮೈಗೆ ಅಂಟಿಸುವ ಸಕ್ಕರೆ ಅಳೆಯುವ ಸೆನ್ಸರ್ ಕೂಡ ತೊಂದರೆ ಕೊಡಬಹುದು, ಯಾಕೆಂದರೆ ಅಲ್ಲೆಲ್ಲ ಇದೇ ಬಳಗದ ರಾಸಾಯನಿಕಗಳಿರುತ್ತವೆ. ಜೆಲ್ ಗಟ್ಟಿಮಾಡಲು ಬಳಸುತ್ತಿದ್ದ ಟಿಪಿಓ ಎಂಬ ವಸ್ತುವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ತಿಂಗಳಿಗೊಮ್ಮೆ ಹೋಗುವ ಗಿರಾಕಿಗಿಂತ ದಿನವಿಡೀ ಅದೇ ಮೇಜಿನ ಮುಂದೆ ಕೂತು, ಹತ್ತಾರು ಕೈಗಳಿಗೆ ಹಚ್ಚುವ ಹುಡುಗಿಗೆ ಈ ಅಪಾಯ ಎಷ್ಟೋ ಪಾಲು ಹೆಚ್ಚು. ತೆಳು ಗ್ಲೌಸನ್ನೂ ಅಕ್ರಿಲೇಟ್ ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಹಾಗಾಗಿ ಜೆಲ್ ತಾಗಿದ ಗ್ಲೌಸನ್ನು ಆಗಲೇ ಬದಲಾಯಿಸಬೇಕು, ಬ್ರಷ್ ಉಗುರಿನಂಚು ದಾಟದಂತೆ ಹಚ್ಚಬೇಕು, ಚರ್ಮಕ್ಕೆ ಹತ್ತಿದ್ದನ್ನು ದೀಪ ಹಚ್ಚುವ ಮುಂಚೆಯೇ ಒರೆಸಬೇಕು, ಕೋಣೆಗೆ ಕಿಟಕಿಯೋ ಎಕ್ಸಾಸ್ಟ್ ಫ್ಯಾನೋ ಇರಲೇಬೇಕು. ಬೆರಳ ತುದಿಯಲ್ಲಿ ತುರಿಕೆ, ಬಿರುಕು ಶುರುವಾಗಿದೆ ಎಂದು ಅವಳು ಹೇಳಿದರೆ ಮಾಲೀಕರು ಅವಳನ್ನು ಅಂದಿನಿಂದಲೇ ಜೆಲ್ ಕೆಲಸದಿಂದ ಬಿಡಿಸಿ ಬೇರೆ ಕೆಲಸ ಕೊಡಬೇಕು, ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಬೇಕು.