ಗರ್ಭದ ಹದ

ಬೀಜವೆಷ್ಟು ಪುಷ್ಟವಾಗಿದ್ದರೂ ನೆಲ ಹದಕ್ಕೆ ಬಾರದೆ ಬಿತ್ತಲಾಗದೆಂಬುದನ್ನು ಒಕ್ಕಲುಮಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮಾತನ್ನು ಗರ್ಭಕೋಶದ ವಿಷಯದಲ್ಲಿ ಮೊದಲು ಮನಗಂಡ ವೈದ್ಯರೊಬ್ಬರು ಅದಕ್ಕಾಗಿ ತೆತ್ತ ಬೆಲೆ ಸಾಮಾನ್ಯವಾದುದಲ್ಲ.

1986ರ ಆಗಸ್ಟ್ 6ರಂದು ಮುಂಬಯಿಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಡಾ. ಇಂದಿರಾ ಹಿಂದುಜಾ ಅವರ ಪರಿಶ್ರಮದ ಫಲವಾಗಿ ಜನಿಸಿದ ಪ್ರನಾಳ ಶಿಶು ದೇಶದಲ್ಲೇ ಪ್ರಥಮವೆಂಬ ಕೀರ್ತಿಗೆ ಪಾತ್ರವಾಯಿತು. ಆ ಸಾಹಸದಲ್ಲಿ ಸಹಭಾಗಿಯಾಗಿದ್ದ ವಿಜ್ಞಾನಿ ಡಾ. ಟಿ.ಸಿ. ಆನಂದಕುಮಾರರು, ಕಲಕತ್ತೆಯ ದಿವಂಗತ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಪರಿಶೀಲಿಸಿ, ಆ ಪ್ರಥಮಸ್ಥಾನ ತಮಗೆ ಸಲ್ಲದು, ಅವರಿಗೇ ಸಲ್ಲತಕ್ಕದ್ದೆಂದು 1997ರಲ್ಲಿ ತಾವಾಗಿಯೇ ಸಾರಿದರು.

ಮುಖ್ಯೋಪಾಧ್ಯಾಯರು ಕಂಡುಕೊಂಡಿದ್ದ ಮರ್ಮವಿಷ್ಟೆ: ಔಷಧಿಯಿಂದ ಪ್ರಚೋದಿತವಾದ ಅಂಡಾಶಯವು ಹಲವು ಅಂಡಗಳನ್ನು ಕೊಡುವ ತಿಂಗಳಲ್ಲಿ, ಹಾರ್ಮೋನುಗಳ ಆ ಆಧಿಕ್ಯದಿಂದಲೇ ಗರ್ಭಕೋಶದ ಒಳಪದರವು ಹದ ತಪ್ಪಿರಬಹುದು. ಆದುದರಿಂದ ಅವರು ಭ್ರೂಣವನ್ನು 53 ದಿನಗಳ ಕಾಲ ಶೈತ್ಯದಲ್ಲಿ ಕಾಯ್ದಿರಿಸಿ, ಮುಂದಿನ ಸ್ವಾಭಾವಿಕ ಋತುಚಕ್ರದಲ್ಲಿ ಗರ್ಭಕ್ಕೆ ಸೇರಿಸಿದರು. 1978ರ ಅಕ್ಟೋಬರ್ 3ರಂದು ಹೆಣ್ಣು ಶಿಶು ಜನಿಸಿತು. ಸರಕಾರ ನೇಮಿಸಿದ ಸಮಿತಿ ಅದನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಘನೀಕೃತ ಭ್ರೂಣದಿಂದ ಜನಿಸಿದ ಮೊದಲ ಮಗುವೆಂದು ಲೋಕವು ದಾಖಲಿಸಿದ್ದು 1984ರ ಮೆಲ್ಬರ್ನ್‌ನ ಶಿಶುವನ್ನು.

ಇಂದು ಭ್ರೂಣವು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ವರ್ಷಗಟ್ಟಲೆ ಕಾಯಬಲ್ಲುದು. ಕಾಯಲಾರದ್ದು ಗರ್ಭಕೋಶದ ಮುಹೂರ್ತ. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ನಿಂತು ಬರುವ ಹೆಣ್ಣುಮಗಳು, ಪರ್ಸಿನಲ್ಲಿ ಈಸ್ಟ್ರೋಜನ್ ಗುಳಿಗೆಯ ಪಟ್ಟಿಯನ್ನಿಟ್ಟುಕೊಂಡು, ಸುಮಾರು ಎರಡು ವಾರಗಳ ಕಾಲ ಗಂಟೆ ತಪ್ಪದೆ ನುಂಗುವುದು ಆ ಮುಹೂರ್ತವನ್ನು ಕೂಡಿಸುವುದಕ್ಕಾಗಿ. ಸೋನೋಗ್ರಫಿಯ ಕಪ್ಪು ಪರದೆಯ ಮೇಲೆ ಒಳಪದರವು 7 ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ದಪ್ಪವಾಗಿ, ಮೂರು ಬೆಳ್ಳಿಗೆರೆಗಳಂತೆ ತೋರಿದಾಗ ಪ್ರೊಜೆಸ್ಟರೋನ್ ಎಂಬ ಹಾರ್ಮೋನಿನ ಔಷಧಿ ಆರಂಭವಾಗುತ್ತದೆ. ಅಲ್ಲಿಂದ ಮುಂದೆ ದಿನಗಳ ಲೆಕ್ಕ: ಐದು ದಿನ ಬೆಳೆದ ಭ್ರೂಣಕ್ಕೆ, ಐದು ದಿನ ಪ್ರೊಜೆಸ್ಟರೋನ್ ಉಂಡ ಗರ್ಭವೇ ಜೋಡಿ.

ಎರಡನೆಯ ಮಾರ್ಗ ಮುಖ್ಯೋಪಾಧ್ಯಾಯರದೇ: ದೇಹವು ತಾನಾಗಿ ಅಂಡವನ್ನು ಬಿಡುವುದನ್ನು ಕಾದು, ಅಲ್ಲಿಂದ ದಿನವೆಣಿಸುವುದು. ಗುಳಿಗೆಯ ಮಾರ್ಗದಲ್ಲಿ ಭೇಟಿಯ ದಿನಗಳನ್ನು ಮುಂಚಿತವಾಗಿ ಗೊತ್ತುಮಾಡಬಹುದೆಂಬ ಅನುಕೂಲವುಂಟು. ಆದರೆ ಅಂಡ ಬಿಡುಗಡೆಯ ಅನಂತರ ಅಂಡಾಶಯದಲ್ಲಿ ಮೂಡಿ ಗರ್ಭವನ್ನು ಪೋಷಿಸುವ ಹಳದಿ ಗ್ರಂಥಿ ಈ ಮಾರ್ಗದಲ್ಲಿ ಮೂಡದು. ಅಂಥ ಬಸಿರಿನಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ.

ಗುಳಿಗೆಯ ಮಾರ್ಗ ಹಿಡಿದವರು ವೈದ್ಯರು ಹೇಳುವವರೆಗೆ ಅದನ್ನು ನಿಲ್ಲಿಸಕೂಡದು. ಋತುಚಕ್ರವು ಕ್ರಮವಾಗಿರುವವರಾದರೋ, ಮೊದಲ ಭೇಟಿಯಲ್ಲೇ, “ನನಗೆ ಸ್ವಾಭಾವಿಕ ಚಕ್ರ ಸಾಲದೆ, ಡಾಕ್ಟ್ರೇ?” ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.