ಬಿರುಗಾಳಿಗೆ ಬಿದ್ದ ತೆಂಗಿನ ಮರಗಳ ವಿಲೇವಾರಿ

ಅಶ್ವಿನಿ, ಭರಣಿ ಮಳೆಗಳೊಡನೆ ಬೀಸುವ ಬಿರುಗಾಳಿಯಿಂದ ತಿಪಟೂರು, ಅರಸೀಕೆರೆ, ತುರುವೇಕೆರೆ ಮುಂತಾದ ಸೀಮೆಗಳಲ್ಲಿ ತೆಂಗಿನ ಮರಗಳು ಉರುಳುವುದುಂಟು. ಆಗಿನ ನಷ್ಟವು ಎಲ್ಲರ ಕಣ್ಣಿಗೂ ಬೀಳತಕ್ಕದ್ದು. ಬಿದ್ದ ಮರವನ್ನು ಅಲ್ಲಿಯೇ ಕೊಳೆಯಲು ಬಿಟ್ಟರೆ ಆಗುವ ನಷ್ಟವು ಕೆಲವು ತಿಂಗಳುಗಳ ತರುವಾಯ, ನಿಂತಿರುವ ಮರಗಳಲ್ಲಿ ತೋರುತ್ತದೆ. ಈ ಎರಡನೆಯ ನಷ್ಟವನ್ನು ತಪ್ಪಿಸುವುದು ಹಿಡುವಳಿದಾರರ ಕೈಯಲ್ಲಿಯೇ ಇದೆ.

ಕೇಡಿನ ಮೂಲ

ತಲೆಯ ಮೇಲೆ ಕೊಂಬುಳ್ಳ ಕಪ್ಪು ದುಂಬಿಯು ರಾತ್ರಿ ಹಾರಿಬಂದು ತೆಂಗಿನ ಸುಳಿಯನ್ನು ಕೊರೆಯುವುದನ್ನು ತೋಟದವರು ಬಲ್ಲರು. ಇದಕ್ಕೆ ಕುರುವಾಯಿ ದುಂಬಿಯೆಂದು ಹೆಸರು. ಕೊರೆದ ಸುಳಿಯು ಬಿಚ್ಚಿದಾಗ ಗರಿಗಳು ಕತ್ತರಿ ಆಡಿಸಿದಂತೆ ಕಾಣುತ್ತವೆ. ಹೊಂಬಾಳೆಗೆ ಪೆಟ್ಟು ತಗಲಿದರೆ ಫಸಲು ಇಳಿಯುತ್ತದೆ. ಎಳೆಯ ಗಿಡವಾದರೆ ಸತ್ತೇ ಹೋಗಬಹುದು. ಈ ದುಂಬಿಯು ಮೊಟ್ಟೆಯಿಡುವುದು ಕೊಳೆತ ತೆಂಗಿನ ದಿಮ್ಮಿ, ಬೊಡ್ಡೆ, ತಿಪ್ಪೆಗುಂಡಿಗಳಲ್ಲಿ. ಮೊಟ್ಟೆಯೊಡೆದು ಬಂದ ಬಿಳಿಯ ಗೊಣ್ಣೆಹುಳು ಮೂರು ನಾಲ್ಕು ತಿಂಗಳು ಅಲ್ಲಿಯೇ ತಿಂದು ಬೆಳೆದು, ಒಟ್ಟು ಸುಮಾರು ಐದಾರು ತಿಂಗಳಲ್ಲಿ ದುಂಬಿಯಾಗಿ ಹೊರಬೀಳುತ್ತದೆ.

ಇದರ ಹಿಂದೆಯೇ ಬರುವುದು ಕೆಂಪು ಮೂತಿ ಹುಳು. ಗಾಯವಾದ ಮರದ ವಾಸನೆ ಹಿಡಿದು ಬರುವ ಈ ಹುಳು, ದುಂಬಿ ಕೊರೆದ ರಂಧ್ರದಲ್ಲಿಯೂ ಗಾಳಿಗೆ ಸೀಳಿದ ಭಾಗದಲ್ಲಿಯೂ ಮೊಟ್ಟೆಯಿಡುತ್ತದೆ. ಮರಿಗಳು ಕಾಂಡದೊಳಗಿನ ಮೆದುಭಾಗವನ್ನು ತಿನ್ನುತ್ತಿದ್ದು, ಹೊರಗೆ ಗೊತ್ತಾಗುವಷ್ಟರಲ್ಲಿ ಮರವು ಅನೇಕವೇಳೆ ಕೈಮೀರಿರುತ್ತದೆ.

2018ನೆಯ ನವೆಂಬರಿನಲ್ಲಿ ಗಜ ಚಂಡಮಾರುತದಿಂದ ತಂಜಾವೂರು ಪ್ರಾಂತದಲ್ಲಿ ಲಕ್ಷಗಟ್ಟಲೆ ತೆಂಗಿನ ಮರಗಳು ಬಿದ್ದಾಗ, ಅವುಗಳನ್ನು ತೋಟದಿಂದ ಸಾಗಿಸುವುದೇ ರೈತರಿಗೆ ದೊಡ್ಡ ಕಷ್ಟವಾಯಿತು. ಹತ್ತಿಪ್ಪತ್ತು ಮರ ಬಿದ್ದ ಗ್ರಾಮದಲ್ಲಿ ಆ ಕೆಲಸವು ಅಷ್ಟು ಭಾರವಲ್ಲ.

ಮಾಡತಕ್ಕ ಕೆಲಸ

1. ವಿದ್ಯುತ್ ತಂತಿಯ ಮೇಲೆ ಬಿದ್ದ ಮರವನ್ನು ಯಾರೂ ಮುಟ್ಟಕೂಡದು. ವಿದ್ಯುಚ್ಛಕ್ತಿಯ ಕಚೇರಿಗೆ ತಿಳಿಸಿ, ಅವರು ಪ್ರವಾಹವನ್ನು ನಿಲ್ಲಿಸಿದ ಮೇಲೆಯೇ ಕೆಲಸಕ್ಕೆ ಕೈಹಾಕತಕ್ಕದ್ದು.

2. ಪರಿಹಾರಕ್ಕೆ ಅರ್ಜಿ ಕೊಡುವವರು ಮರಗಳನ್ನು ಎಣಿಸಿ, ಕಂದಾಯದ ಅಧಿಕಾರಿಗಳಿಗೆ ತೋರಿಸಿದ ತರುವಾಯ ತೆಗೆಯುವುದು ಉತ್ತಮ.

3. ಇನ್ನೊಂದು ಮರಕ್ಕೆ ಒರಗಿ ನಿಂತ ಮರವು ಬಹಳ ಅಪಾಯಕರ. ಅದರ ಕೆಳಗೆ ನಿಲ್ಲದೆ, ದೂರದಿಂದ ಹಗ್ಗ ಕಟ್ಟಿ ಎಳೆದು ಕೆಡಹಬೇಕು. ನೆಲದಲ್ಲಿರುವ ಮರವನ್ನು ಕಡಿಯುವಾಗ, ಅದು ಉರುಳಿಬರುವ ಇಳಿಜಾರಿನ ಕಡೆ ನಿಲ್ಲಕೂಡದು.

4. ಬೇರು ಪೂರ್ತಿ ಕಿತ್ತುಹೋಗದೆ ವಾಲಿದ ಎಳೆಯ ಗಿಡಗಳನ್ನು ಮೆಲ್ಲನೆ ನೆಟ್ಟಗೆ ಮಾಡಿ, ಊರುಗೋಲು ಕೊಟ್ಟು, ಬುಡಕ್ಕೆ ಮಣ್ಣು ಏರಿಸಬೇಕು.

5. ಬಲಿತ ಮರದ ಬುಡದ ಕಡೆಯ ಹೊರಭಾಗವು ಗಟ್ಟಿಯಾದುದರಿಂದ ಜಂತೆ, ಕಂಬಗಳಿಗೆ ಬರುತ್ತದೆ. ಅದನ್ನು ಬೇಗನೆ ಸೀಳಿ, ನೆಲಕ್ಕೆ ತಾಗದಂತೆ ಸೂರಿನಡಿಯಲ್ಲಿ ಒಣಗಿಸಬೇಕು. ಉಳಿದುದನ್ನು ತುಂಡುಮಾಡಿ, ಸೀಳಿ, ಒಣಗಿಸಿ ಸೌದೆಗೆ ಉಪಯೋಗಿಸಬಹುದು. ಸುಳಿಯಿರುವ ತಲೆಯ ಭಾಗವನ್ನು ಎಲ್ಲಕ್ಕಿಂತ ಮೊದಲು ವಿಲೇವಾರಿ ಮಾಡತಕ್ಕದ್ದು.

6. ಮುರಿದು ನಿಂತ ಬೊಡ್ಡೆಯನ್ನು ಬೇರುಸಹಿತ ಅಗೆದು ತೆಗೆಯಬೇಕು. ಹಿಂದಿನ ವರ್ಷಗಳ ಬೊಡ್ಡೆಗಳಿದ್ದರೆ ಅವನ್ನೂ ಒಡೆದು, ಒಳಗಿನ ಗೊಣ್ಣೆಹುಳುಗಳನ್ನು ಆರಿಸಿ ಕೊಲ್ಲಬೇಕು. ತಿಪ್ಪೆಗುಂಡಿಯನ್ನು ಕೆದಕಿದಾಗಲೂ ಹಾಗೆಯೇ ಮಾಡತಕ್ಕದ್ದು. ಗುಂಡಿಗಳಿಗೆ ಮೆಟರೈಜಿಯಮ್ ಎಂಬ ಹಸಿರು ಬೂಷ್ಟನ್ನು ಬೆರೆಸಿದರೆ ಹುಳುಗಳಿಗೆ ರೋಗ ತಗಲಿ ಸಾಯುತ್ತವೆ.

7. ನಿಂತಿರುವ ಮರಗಳಲ್ಲಿ ರಂಧ್ರ ಕಂಡರೆ ಕಬ್ಬಿಣದ ಕೊಕ್ಕೆಯಿಂದ ದುಂಬಿಯನ್ನು ಎಳೆದು ತೆಗೆದು, ಮೇಲಿನ ಮೂರು ಗರಿಗಳ ಬುಡದ ಸಂದುಗಳಿಗೆ ಬೇವಿನ ಹಿಂಡಿಯ ಪುಡಿಯನ್ನೂ ಮರಳನ್ನೂ ಸಮವಾಗಿ ಬೆರೆಸಿ ತುಂಬಬೇಕು.

ಗ್ರಾಮಸ್ಥರ ಒಗ್ಗಟ್ಟು

ದುಂಬಿಗೆ ಬೇಲಿಯ ಮಿತಿಯಿಲ್ಲ. ಒಬ್ಬನು ತನ್ನ ತೋಟವನ್ನು ಎಷ್ಟು ಚೊಕ್ಕಟವಾಗಿಟ್ಟರೂ, ಪಕ್ಕದವನ ಹಿತ್ತಿಲಲ್ಲಿ ಒಂದು ದಿಮ್ಮಿ ಕೊಳೆಯುತ್ತಿದ್ದರೆ ಅವನ ಶ್ರಮವು ಬಹುಪಾಲು ವ್ಯರ್ಥ. ಆದಕಾರಣ ಗ್ರಾಮದ ಮುಖ್ಯಸ್ಥರು ಗಾಳಿ ನಿಂತ ವಾರದೊಳಗಾಗಿ ತೋಟಗಳನ್ನೆಲ್ಲ ಸುತ್ತಿ, ಬಿದ್ದ ಮರಗಳ ಪಟ್ಟಿ ಮಾಡತಕ್ಕದ್ದು. ಆಳುಕಾಳಿಲ್ಲದ ವಿಧವೆಯರು, ವೃದ್ಧರು, ಪರಸ್ಥಳದಲ್ಲಿರುವವರು ಇವರ ತೋಟಗಳ ಕೆಲಸವನ್ನು ಊರವರು ಮುಯ್ಯಾಳಾಗಿ ನಡಸಿಕೊಟ್ಟರೆ, ಅದು ಅವರಿಗೆ ಉಪಕಾರವೂ ಹೌದು, ಊರಿನ ತೋಟಗಳಿಗೆಲ್ಲ ರಕ್ಷಣೆಯೂ ಹೌದು. ಮುಂಗಾರು ಬಲವಾಗಿ ಹಿಡಿಯುವುದರೊಳಗೆ ಈ ಕೆಲಸವು ಮುಗಿಯತಕ್ಕದ್ದು. ಮಳೆಯಲ್ಲಿ ನೆನೆದು ಕೊಳೆಯತೊಡಗಿದ ದಿಮ್ಮಿಯು ದುಂಬಿಯ ತವರುಮನೆ.