ತಪ್ಪು ಬೆಲ್ಟಿನದಲ್ಲ, ಸಾಲಿನದು

ಜೂನ್ 1 ಬಂತೆಂದರೆ ಮಲ್ಪೆಯ ಧಕ್ಕೆಯಲ್ಲಿ ಬೋಟುಗಳು ಸಾಲಾಗಿ ತಂಗುತ್ತವೆ. ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ವರ್ಷವಿಡೀ ದುಡಿದ ಡೀಸೆಲ್ ಎಂಜಿನ್ನುಗಳನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಜೋಡಿಸುವ ಕಾಲವದು.

ಹೀಗೆ ಜೋಡಿಸಿದ ಎಂಜಿನ್ ಆಗಸ್ಟ್‌ನಲ್ಲಿ ಕಡಲಿಗಿಳಿದ ಕೆಲವೇ ದಿನಗಳಲ್ಲಿ ಹೊಸ ಬೆಲ್ಟನ್ನು ತಿಂದುಹಾಕುವುದುಂಟು. ಕಿರ್ರೆನ್ನುವ ಸದ್ದು, ಸುಟ್ಟ ರಬ್ಬರಿನ ವಾಸನೆ, ಪುಲ್ಲಿಯ ಸುತ್ತ ಕಪ್ಪು ಪುಡಿ. ಮಾಲು ಕಳಪೆ ಎಂದು ಇನ್ನೊಂದು ಬೆಲ್ಟ್ ಹಾಕುತ್ತಾರೆ. ಅದಕ್ಕೂ ಅದೇ ಗತಿ. ಹಾಗಾದರೆ ತಪ್ಪು ಯಾರದು?

ಬೆಣೆಯ ಹಿಡಿತ

ಎಂಜಿನ್ನಿನ ಕ್ರ್ಯಾಂಕ್ ದಂಡದ ತುದಿಯಲ್ಲಿ ದೊಡ್ಡ ಪುಲ್ಲಿ, ಆಲ್ಟರ್ನೇಟರಿನಲ್ಲಿ ಚಿಕ್ಕ ಪುಲ್ಲಿ. ದೊಡ್ಡದರ ವ್ಯಾಸ 16 ಸೆಂ.ಮೀ., ಚಿಕ್ಕದರದು 8 ಸೆಂ.ಮೀ. ಇದ್ದರೆ ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಆಲ್ಟರ್ನೇಟರ್ ಎರಡು ಸುತ್ತು ಹಾಕುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವದಂತೆ, ಒಳಗೆ ತಿರುಗುವ ವಿದ್ಯುತ್ಕಾಂತವು ಸುತ್ತಲಿನ ತಂತಿಸುರುಳಿಗಳಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ.

ಈ 'ವಿ' ಆಕಾರದ ಬೆಲ್ಟ್ ಪುಲ್ಲಿಯನ್ನು ಹಿಡಿಯುವುದು ತಳದಿಂದಲ್ಲ, ಎರಡೂ ಪಕ್ಕಗಳಿಂದ. ಮರ ಸೀಳುವ ಬೆಣೆಯಂತೆ ಅದು ಗಾಡಿಯೊಳಗೆ ಬಿಗಿಯಾಗಿ ಕೂರುತ್ತದೆ. ಎರಡು ಪುಲ್ಲಿಗಳ ಗಾಡಿ ಒಂದೇ ನೇರದಲ್ಲಿಲ್ಲದಿದ್ದರೆ ಬೆಲ್ಟ್ ಓರೆಯಾಗಿ ಒಳಹೊಕ್ಕು ಒಂದೇ ಪಕ್ಕ ಉಜ್ಜುತ್ತದೆ. ಘರ್ಷಣೆಯಿಂದ ಶಾಖ, ಶಾಖದಿಂದ ಸವೆತ. ಜಾರುತ್ತದೆಂದು ಬಿಗಿ ಹೆಚ್ಚಿಸಿದರೆ ಆಲ್ಟರ್ನೇಟರಿನ ಬೇರಿಂಗ್‌ಗೂ ಕುತ್ತು.

ಎಂಜಿನ್ ಬಿಚ್ಚಿದಾಗ ತೆಗೆದಿಟ್ಟ ಒಂದು ವಾಷರ್ ಮರೆತರೆ ಸಾಕು, ಸಾಲು ತಪ್ಪುತ್ತದೆ. ಬೇರೆ ದಪ್ಪದ ಪುಲ್ಲಿ ಹಾಕಿದರೂ, ಬ್ರಾಕೆಟ್ ಬಾಗಿದ್ದರೂ ಅಷ್ಟೇ.

ದಾರದ ಪರೀಕ್ಷೆ

ಇದನ್ನು ಕಂಡುಹಿಡಿಯಲು ದುಬಾರಿ ಉಪಕರಣ ಬೇಡ. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ತಂತಿ ಕಳಚಿ, ಒಂದು ಗಟ್ಟಿ ದಾರವನ್ನು ದೊಡ್ಡ ಪುಲ್ಲಿಯ ಮುಖದಿಂದ ಚಿಕ್ಕದರ ಮುಖದವರೆಗೆ ಬಿಗಿಯಾಗಿ ಎಳೆದು ಹಿಡಿಯಬೇಕು. ಅಂತರ ಕಡಿಮೆಯಿದ್ದರೆ ನೇರವಾದ ಉಕ್ಕಿನ ಪಟ್ಟಿಯೂ ಆದೀತು. ಪ್ರತಿ ಪುಲ್ಲಿಯ ಎರಡು ಅಂಚು, ಒಟ್ಟು ನಾಲ್ಕು ಕಡೆ ದಾರ ತಾಗಿದರೆ ಸಾಲು ಸರಿ. ಒಂದು ಪುಲ್ಲಿ ಹಿಂದೆ ಸರಿದಿದ್ದರೆ ವಾಷರ್ ಸೇರಿಸಬೇಕು ಇಲ್ಲವೇ ತೆಗೆಯಬೇಕು. ಒಂದೇ ಅಂಚು ತಾಗಿದರೆ ಪುಲ್ಲಿ ಓರೆಯಾಗಿದೆ, ಬ್ರಾಕೆಟನ್ನೇ ಸರಿಪಡಿಸಬೇಕು.

ಇಲ್ಲೊಂದು ಎಚ್ಚರಿಕೆ. ಎರಡು ಪುಲ್ಲಿಗಳ ಅಂಚಿನ ದಪ್ಪ ಬೇರೆಬೇರೆಯಾಗಿದ್ದರೆ ದಾರ ಮೋಸಮಾಡುತ್ತದೆ. ಹೊಂದಬೇಕಾದ್ದು ಮುಖಗಳಲ್ಲ, ಗಾಡಿಗಳ ನಡುಗೆರೆ. ಆದ್ದರಿಂದ ದಪ್ಪದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಅರ್ಧ ಡಿಗ್ರಿಗಿಂತ ಹೆಚ್ಚು ಓರೆ ಸಲ್ಲದು. ಕೇಂದ್ರಗಳ ಅಂತರ 30 ಸೆಂ.ಮೀ. ಇದ್ದರೆ ಅದು ಸುಮಾರು ಎರಡೂವರೆ ಮಿ.ಮೀ. ಮಾತ್ರ! ಬೆಲ್ಟ್ ಬಿಗಿದ ಮೇಲೆ ಮತ್ತೊಮ್ಮೆ ನೋಡಬೇಕು. ಬಿಗಿಯುವಾಗ ಆಲ್ಟರ್ನೇಟರ್ ವಾಲುವುದುಂಟು. ಹೊಸ ಬೆಲ್ಟ್ ಕೆಲವು ಗಂಟೆ ಓಡಿ ಹಿಗ್ಗಿದ ನಂತರ ಮಗದೊಮ್ಮೆ.

ರಸ್ತೆಯಲ್ಲಿ ಬೆಲ್ಟ್ ಹರಿದರೆ ಲಾರಿ ಬದಿಗೆ ನಿಲ್ಲುತ್ತದೆ. ಆಳಸಮುದ್ರದಲ್ಲಿ ನಿಲ್ಲಲು ಬದಿಯಿಲ್ಲ. ಬ್ಯಾಟರಿ ಬರಿದಾದರೆ ದೀಪ, ವೈರ್‌ಲೆಸ್, ದಾರಿ ತೋರುವ ಜಿಪಿಎಸ್ ಎಲ್ಲವೂ ಮೌನ. ದೀಪವಿಲ್ಲದ ಬೋಟು ಕತ್ತಲಲ್ಲಿ ಹಡಗಿನ ಕಣ್ಣಿಗೆ ಬೀಳುವುದು ಕಷ್ಟ. ಅನೇಕ ಎಂಜಿನ್ನುಗಳಲ್ಲಿ ತಂಪುನೀರಿನ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಧಕ್ಕೆಯಲ್ಲಿ ದಾರ ಹಿಡಿಯಲು ಬೇಕಾದದ್ದು ಹತ್ತು ನಿಮಿಷ. ಅದನ್ನು ಉಳಿಸಹೊರಟರೆ ಅಡಿಕೆಗೆ ಹೋದ ಮಾನವನ್ನು ಆನೆ ಕೊಟ್ಟು ತರಹೊರಟಂತೆ.